ಮೂಕಿ ತಾರೆಯರನ್ನು ಮುಳುಗಿಸಿದ್ದು ಮೈಕೇ? ಪರ-ವಿರೋಧ

1927ರಲ್ಲಿ ಅಮೆರಿಕದಲ್ಲಿ, 1931ರಲ್ಲಿ ಮುಂಬೈಯಲ್ಲಿ, 1934ರಲ್ಲಿ ಕನ್ನಡದಲ್ಲಿ ಸಿನಿಮಾಕ್ಕೆ ಮಾತು ಬಂತು. ಅದಾಗಿ ಕೆಲವೇ ವರ್ಷಗಳಲ್ಲಿ ಮೂಕಿ ಕಾಲದ ಎಷ್ಟೋ ದೊಡ್ಡ ಹೆಸರುಗಳು ಪೋಸ್ಟರಿನಿಂದ ಮಾಯವಾದವು. ದನಿ ಸರಿಯಿರಲಿಲ್ಲ, ಭಾಷೆ ಬರುತ್ತಿರಲಿಲ್ಲ, ಅದಕ್ಕೇ ಹೋದರು ಅಂತ ಎಲ್ಲರೂ ಹೇಳುತ್ತಾರೆ. ಅದು ಎಷ್ಟು ನಿಜ?

ಪರ: ಹೌದು, ಮೈಕೇ ಮುಳುಗಿಸಿತು

1931ರ ಮಾರ್ಚ್ 14ರಂದು ಮುಂಬೈಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ‘ಆಲಂ ಆರಾ’ ತೆರೆ ಕಂಡಿತು. ನಮ್ಮ ದೇಶದ ಮೊದಲ ಮಾತಿನ ಚಿತ್ರ. ನಾಯಕ ಮಾಸ್ಟರ್ ವಿಠ್ಠಲ್. ಆಗ ಅವರ ಹೆಸರು ಕೇಳಿದರೆ ಜನರ ಕಣ್ಣ ಮುಂದೆ ಬರುತ್ತಿದ್ದದ್ದು ಕತ್ತಿವರಸೆ, ಹೊಡೆದಾಟ, ಜಿಗಿತ. ತಾವಿದ್ದ ಶಾರದಾ ಕಂಪನಿ ಬಿಟ್ಟು ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಗೆ ಬಂದಿದ್ದಕ್ಕೆ ಹಳೇ ಕಂಪನಿಯವರು ಕೋರ್ಟು ಹತ್ತಿದರು. ವಿಠ್ಠಲ್ ಪರವಾಗಿ ವಾದಿಸಿ ಗೆಲ್ಲಿಸಿದ ವಕೀಲರು ಮಹಮ್ಮದ್ ಅಲಿ ಜಿನ್ನಾ. ಒಬ್ಬ ನಾಯಕನಟನಿಗಾಗಿ ಇಷ್ಟೆಲ್ಲ ನಡೆಯಿತು.

ಇಷ್ಟಾಗಿ ಸೆಟ್ಟಿಗೆ ಬಂದ ಮೇಲೆ ವಿಠ್ಠಲ್ ಅವರ ಬಾಯಲ್ಲಿ ಹಿಂದೂಸ್ತಾನಿ ಮಾತು ಸಲೀಸಾಗಿ ಹೊರಳಲಿಲ್ಲ. ಕೊನೆಗೆ ಚಿತ್ರದ ಬಹುಪಾಲು ಅವರ ಪಾತ್ರವನ್ನು ಮಂಪರಿನಲ್ಲಿ, ಅರೆ ಎಚ್ಚರದಲ್ಲಿ ಇಟ್ಟರು. ನಾಯಕ ಎಚ್ಚರವಾಗಿದ್ದರೆ ಮಾತಾಡಬೇಕಲ್ವಾ? ದೇಶದ ಮೊದಲ ಟಾಕಿಯ ಹೀರೋ ಮಾತಾಡದೆ ಇರಲಿ ಅಂತ ಕಥೆಯನ್ನೇ ಹಾಗೆ ಹೊಂದಿಸಿಕೊಂಡರು. ಮೈಕು ಒಬ್ಬ ನಟನಿಗೆ ಏನು ಮಾಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಸಿಕ್ಕಿಲ್ಲ. ಮುಂದೆ ಅವರು ಮರಾಠಿ ಚಿತ್ರಗಳಲ್ಲಿ ದುಡಿದರು, ಕೊನೆಕೊನೆಗೆ ಚಿಕ್ಕಪುಟ್ಟ ಪಾತ್ರಗಳಲ್ಲಿ. ಆ ಹಳೇ ಎತ್ತರಕ್ಕೆ ಮತ್ತೆ ಹೋಗಲಿಲ್ಲ.

ಬರೀ ಉಚ್ಚಾರಣೆಯ ತೊಂದರೆ ಅಂತ ಇದನ್ನು ತಳ್ಳಿಹಾಕುವಂತಿಲ್ಲ. ಕೆಲಸದ ರೀತಿಯೇ ಬದಲಾಯಿತು. ಮೂಕಿ ಚಿತ್ರ ತೆಗೆಯುವಾಗ ಸೆಟ್ಟು ಗಲಗಲ ಅನ್ನುತ್ತಿತ್ತು. ಕ್ಯಾಮೆರಾ ಓಡುತ್ತಿರುವಾಗಲೇ ನಿರ್ದೇಶಕರು ಕೂಗಿ ಹೇಳುತ್ತಿದ್ದರು: ಈಗ ತಿರುಗು, ಈಗ ಬಾಗಿಲು ನೋಡು, ಈಗ ಅಳು. ನಟರು ಆ ಮಾತು ಕೇಳುತ್ತಲೇ ಅಭಿನಯಿಸುತ್ತಿದ್ದರು. ಹಾಲಿವುಡ್‌ನಲ್ಲಂತೂ ಭಾವ ಬರಲಿ ಅಂತ ಸೆಟ್ಟಿನಲ್ಲೇ ಪಿಟೀಲು ನುಡಿಸುವವರನ್ನು ಕೂರಿಸುತ್ತಿದ್ದರು. ಮೈಕು ಬಂದ ಮೇಲೆ ಎಲ್ಲ ಸ್ತಬ್ಧ. ನಿರ್ದೇಶಕರು ತುಟಿ ಬಿಚ್ಚುವ ಹಾಗಿಲ್ಲ. ಕ್ಯಾಮೆರಾದ ಗರಗರ ಸದ್ದು ಕೇಳಬಾರದು ಅಂತ ಹಾಲಿವುಡ್‌ನಲ್ಲಿ ಅದನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಇಟ್ಟರು. ಕ್ಯಾಮೆರಾ ಅಲ್ಲಾಡುವಂತಿಲ್ಲ, ನಟ ಮೈಕಿನಿಂದ ದೂರ ಹೋಗುವಂತಿಲ್ಲ. ಮೈಕನ್ನು ಹೂದಾನಿಯಲ್ಲೋ ಪರದೆಯ ಹಿಂದೆಯೋ ಬಚ್ಚಿಟ್ಟಿರುತ್ತಾರೆ. ಓಡಿ, ಹಾರಿ, ಗೋಡೆ ಏರಿ ಹೆಸರು ಮಾಡಿದವರಿಗೆ ಈಗ ಹೂದಾನಿಯ ಪಕ್ಕ ನಿಂತು ಮಾತಾಡಿ ಅಂದರೆ ಹೇಗಾಗಬೇಕು?

ಮುಂಬೈಯಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಸ್ಟುಡಿಯೋದ ಹತ್ತಿರದಲ್ಲೇ ರೈಲು ಹಳಿ. ಹೊರಗಿನ ಸದ್ದು ತಡೆಯುವ ಗೋಡೆಗಳಿಲ್ಲ. ಹಾಗಾಗಿ ‘ಆಲಂ ಆರಾ’ದ ಬಹುಪಾಲು ಚಿತ್ರೀಕರಣ ರೈಲುಗಳ ಓಡಾಟ ನಿಂತ ಮೇಲೆ, ನಡುರಾತ್ರಿ ದಾಟಿ ನಡೆಯಿತು. ಅವರು ಬಳಸಿದ ಉಪಕರಣದಲ್ಲಿ ಚಿತ್ರ ಮತ್ತು ಶಬ್ದ ಎರಡೂ ಒಂದೇ ಫಿಲ್ಮಿನ ಮೇಲೆ, ಒಂದೇ ಸಲ ಮೂಡುತ್ತಿದ್ದವು. ಆಮೇಲೆ ಶಬ್ದ ಬೇರೆ ಮಾಡಿ ತಿದ್ದುತ್ತೇವೆ ಅನ್ನಲು ದಾರಿಯೇ ಇರಲಿಲ್ಲ. ಮಾತು ತಪ್ಪಿದರೆ ಶಾಟ್ ಹೋಯಿತು.

ಮಾತು ಹೋಗಲಿ, ಹಾಡು? ಹಾಲಿವುಡ್ ನಟರಿಗೆ ಇಲ್ಲದ ಕಷ್ಟ ಇದು. ‘ಆಲಂ ಆರಾ’ದಲ್ಲಿ 7 ಹಾಡು. ಮರುವರ್ಷ ಕಲ್ಕತ್ತೆಯ ಮದನ್ ಕಂಪನಿ ತೆಗೆದ ‘ಇಂದ್ರಸಭಾ’ದಲ್ಲಿ ಸುಮಾರು 70 ಹಾಡು. ಹಾಡುಗಳೆಲ್ಲ ಕ್ಯಾಮೆರಾ ಮುಂದೆಯೇ, ನಟಿಸುತ್ತಲೇ, ಸ್ವಂತ ಕಂಠದಲ್ಲಿ. ಹಾರ್ಮೋನಿಯಂ, ತಬಲಾದವರು ಚೌಕಟ್ಟಿನ ಆಚೆ, ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಕೂತು ನುಡಿಸುತ್ತಿದ್ದರು. ಹಿನ್ನೆಲೆ ಗಾಯನ ಅನ್ನುವುದು ಶುರುವಾಗಿದ್ದು 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ. ಅಂದರೆ ನಾಲ್ಕು ವರ್ಷ, ಹಾಡಲು ಬಾರದವರಿಗೆ ನಾಯಕ-ನಾಯಕಿಯ ಪಾತ್ರ ಸಿಗುವುದು ಬಹಳ ಕಷ್ಟವಾಗಿತ್ತು. ಸಿನಿಮಾದಲ್ಲಿ ನಾಲ್ಕು ವರ್ಷ ಮರೆಯಾದರೆ ಜನ ಮರೆಯುತ್ತಾರೆ. ಆ ಜಾಗಕ್ಕೆ ನಾಟಕ ಕಂಪನಿಗಳಿಂದ, ಸಂಗೀತದ ಮನೆಗಳಿಂದ ಹೊಸಬರು ಬಂದು ಕೂತರು.

ಇದರಲ್ಲಿ ಜಾಸ್ತಿ ಪೆಟ್ಟು ತಿಂದವರು ಹೆಣ್ಣುಮಕ್ಕಳು. ಮೂಕಿ ಕಾಲದಲ್ಲಿ ಹೆಣ್ಣುಮಕ್ಕಳನ್ನು ಸಿನಿಮಾಕ್ಕೆ ಕಳಿಸಲು ಬಹುತೇಕ ಮನೆಗಳು ಒಪ್ಪುತ್ತಿರಲಿಲ್ಲ. ಆ ಬಿಟ್ಟ ಜಾಗದಲ್ಲಿ ನಿಂತು ಧೈರ್ಯವಾಗಿ ನಟಿಸಿದವರು ಆಂಗ್ಲೋ-ಇಂಡಿಯನ್ ಮತ್ತು ಯಹೂದಿ ಹುಡುಗಿಯರು. ಪುಣೆಯ ರೂಬಿ ಮೈಯರ್ಸ್ ‘ಸುಲೋಚನಾ’ ಆದರು. ರೆನೀ ಸ್ಮಿತ್ ‘ಸೀತಾದೇವಿ’ ಆದರು. ಹಿಮಾಂಶು ರಾಯ್ ಮತ್ತು ಜರ್ಮನಿಯ ಫ್ರಾಂಜ್ ಆಸ್ಟೆನ್ ಸೇರಿ ಮಾಡಿದ ‘ಪ್ರೇಮ ಸನ್ಯಾಸ’, ‘ಶಿರಾಜ್’, ‘ಪ್ರಪಂಚ ಪಾಶ್’ ಮೂರರಲ್ಲೂ ಸೀತಾದೇವಿ ಇದ್ದಾರೆ. ಇವತ್ತಿಗೂ ಅವು ನೋಡಲು ಸಿಗುತ್ತವೆ. ದಯವಿಟ್ಟು ನೋಡಿ. ಕತ್ತು ತುಸು ವಾಲಿಸಿ, ರೆಪ್ಪೆ ಒಂದು ಕ್ಷಣ ತಡೆದು, ಅವರು ಮನಸ್ಸಿನ ಮಾತನ್ನು ಹೇಳುವ ಬಗೆಗೆ ಟೈಟಲ್ ಕಾರ್ಡ್, ಅಂದರೆ ನಡುನಡುವೆ ಮಾತನ್ನು ಅಕ್ಷರದಲ್ಲಿ ತೋರಿಸುವ ಫಲಕ, ಬೇಡವೇ ಬೇಡ. ಅಂಥ ನಟಿ ಟಾಕಿ ಬಂದ ಮೇಲೆ ತೆರೆಯಿಂದ ಸರಿದುಹೋದರು. ಮನೆಯಲ್ಲಿ ಇಂಗ್ಲಿಷ್ ಆಡಿ ಬೆಳೆದವರಿಗೆ ರಾಣಿಯ ಹಿಂದೂಸ್ತಾನಿ ಎಲ್ಲಿಂದ ಬರಬೇಕು?

ನಮ್ಮ ಕಡೆಯದೂ ಒಂದು ಮಾತು. ‘ಮೃಚ್ಛಕಟಿಕ’ ನಾಟಕ ಆಧರಿಸಿ ಮೋಹನ್ ಭವನಾನಿ ‘ವಸಂತಸೇನಾ’ ಎಂಬ ಮೂಕಿ ಚಿತ್ರ ಮಾಡಿದರು. ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ ಇದ್ದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು, ಏಣಾಕ್ಷಿ ರಾಮರಾವ್ ಇದ್ದರು. ನಿಮ್ಮ ಮಾತು ಯಾವುದು ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಚಿತ್ರ ಎಲ್ಲಿ ತೆಗೆದರೂ ಎಲ್ಲೆಡೆ ಓಡುತ್ತಿತ್ತು, ಟೈಟಲ್ ಕಾರ್ಡ್ ಬದಲಿಸಿದರೆ ಸಾಕು. ಬೆಂಗಳೂರಿನಲ್ಲಿ ಆಗ ಸೂರ್ಯ ಫಿಲ್ಮ್ ಕಂಪನಿಯಂಥವು ಸಾಲಾಗಿ ಚಿತ್ರ ಮಾಡುತ್ತಿದ್ದವು. ಮಾತು ಬಂತು, ಆ ಬಾಗಿಲು ಮುಚ್ಚಿತು. ಬೆಂಗಳೂರಿನಲ್ಲಿ ಮಾತಿನ ಚಿತ್ರ ತೆಗೆಯುವ ಸ್ಟುಡಿಯೋ ಇರಲಿಲ್ಲ. 1934ರ ಮಾರ್ಚ್ 3ರಂದು ಬಿಡುಗಡೆಯಾದ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ದ ತಂಡ ಕೊಲ್ಲಾಪುರಕ್ಕೆ ಹೋಗಿ ಚಿತ್ರ ತೆಗೆದುಕೊಂಡು ಬರಬೇಕಾಯಿತು. ಅದರ ಮುಖ್ಯ ಪಾತ್ರಗಳಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು. ಹಿಂದಿನ ಸಾಲಿನಲ್ಲಿ ಕೂತವನಿಗೂ ಕೇಳುವ ಹಾಗೆ ಹಾಡಿ, ಮಾತಾಡಿ ಪಳಗಿದ ನಾಟಕದವರಿಗೇ ಈಗ ಬೆಲೆ. ಬೆಂಗಳೂರಿನ ಮೂಕಿ ಚಿತ್ರಗಳಲ್ಲಿ ನಟಿಸಿದವರಲ್ಲಿ ಎಷ್ಟು ಜನರ ಹೆಸರು ನಮಗೆ ಇವತ್ತು ನೆನಪಿದೆ ಹೇಳಿ.

ಹಾಲಿವುಡ್ ಕಥೆ ಎಲ್ಲರಿಗೂ ಗೊತ್ತು, ಜಾಸ್ತಿ ಎಳೆಯುವುದಿಲ್ಲ. ಮೊದಲ ಆಸ್ಕರ್ ಉತ್ತಮ ನಟ ಪ್ರಶಸ್ತಿ ಗೆದ್ದ ಎಮಿಲ್ ಯಾನಿಂಗ್ಸ್ ಮಾತಿನಲ್ಲಿ ಜರ್ಮನ್ ಧಾಟಿ ದಟ್ಟವಾಗಿತ್ತು. ಅವರು ಜರ್ಮನಿಗೆ ವಾಪಸ್ ಹೋದರು. ಹಂಗೆರಿಯ ವಿಲ್ಮಾ ಬ್ಯಾಂಕಿ ಅವರದೂ ಹಾಗೇ, ಇಂಗ್ಲಿಷಿನ ಧಾಟಿ ಅಡ್ಡ ಬಂತು. ನಾರ್ಮಾ ಟಾಲ್ಮೇಜ್ ದನಿ ತಾಲೀಮು ಮಾಡಿಕೊಂಡು ಎರಡು ಟಾಕಿ ಮಾಡಿ ನಿವೃತ್ತರಾದರು.

ಒಬ್ಬರ ಬಗ್ಗೆ ಮಾತ್ರ ನಿಂತು ಹೇಳಬೇಕು: ರೇಮಂಡ್ ಗ್ರಿಫಿತ್. ಟೋಪಿ ಹಾಕಿಕೊಂಡು ಗತ್ತಿನಲ್ಲಿ ನಗಿಸುತ್ತಿದ್ದ ಹಾಸ್ಯನಟ. ಅವರ ಗಂಟಲು ಹಿಂದೆಯೇ ಕೆಟ್ಟಿತ್ತು. ಗೊಗ್ಗರು ಪಿಸುಮಾತಿಗಿಂತ ಮೇಲೆ ದನಿ ಏಳುತ್ತಿರಲಿಲ್ಲ. ಮೂಕಿ ಚಿತ್ರದಲ್ಲಿ ಅದು ಯಾರಿಗೂ ತಿಳಿಯುವ ಪ್ರಶ್ನೆಯೇ ಇರಲಿಲ್ಲ. 1930ರಲ್ಲಿ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ ಚಿತ್ರದಲ್ಲಿ ಅವರಿಗೊಂದು ಪಾತ್ರ ಸಿಕ್ಕಿತು. ಬಾಂಬ್ ಬಿದ್ದ ಗುಂಡಿಯಲ್ಲಿ ಇರಿತಕ್ಕೊಳಗಾಗಿ ನಿಧಾನವಾಗಿ ಸಾಯುವ ಫ್ರೆಂಚ್ ಸೈನಿಕ. ಒಂದೂ ಮಾತಿಲ್ಲ. ಕೊಂದ ಹುಡುಗ ಕ್ಷಮೆ ಕೇಳುತ್ತಾ ಒದ್ದಾಡುತ್ತಾನೆ, ಇವರು ಸುಮ್ನೆ ನೋಡುತ್ತಾರೆ. ಪ್ರಾಣ ಹೋದ ಮೇಲೂ ಆ ಕಣ್ಣು ನೋಡುತ್ತಲೇ ಇರುತ್ತದೆ. ನಟನಾಗಿ ಅದು ಅವರ ಕೊನೆಯ ಪಾತ್ರ. ಆಮೇಲೆ ನಿರ್ಮಾಪಕರಾದರು. ಅಷ್ಟು ಕಲೆ ಇದ್ದವರನ್ನು ಕ್ಯಾಮೆರಾ ಮುಂದಿನಿಂದ ಎಬ್ಬಿಸಿ ಕಳಿಸಿದ್ದು ಅವರ ಗಂಟಲು, ಆ ಗಂಟಲನ್ನು ಕೇಳಲು ಬಂದ ಮೈಕು. ಇಲ್ಲಿ ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ವಿರೋಧ: ಮೈಕಿನ ಮೇಲೆ ತಪ್ಪು ಹೊರಿಸಬೇಡಿ

ರೇಮಂಡ್ ಗ್ರಿಫಿತ್ ವಿಷಯದಲ್ಲಿ ನನ್ನದೂ ತಕರಾರಿಲ್ಲ. ಆದರೆ ಒಬ್ಬರ ಗಂಟಲು ಕೆಟ್ಟಿತ್ತು ಅಂತ ಒಂದು ಇಡೀ ತಲೆಮಾರಿನ ಗಂಟಲು ಸರಿಯಿರಲಿಲ್ಲ ಅನ್ನಲು ಆಗುತ್ತದೆಯೇ? ಹೆಸರು ಹೆಸರು ಹಿಡಿದು ನೋಡುತ್ತಾ ಹೋದರೆ ದನಿಯ ಕಥೆ ಸವೆಯುತ್ತಾ ಬರುತ್ತದೆ. ಸಂಬಳ, ಕರಾರು, ಹಟ, ವಯಸ್ಸು, ಇವೇ ಎದುರಾಗುತ್ತವೆ.

ಸುಲೋಚನಾ ಅವರಿಂದಲೇ ಶುರು ಮಾಡೋಣ. ಟೆಲಿಫೋನ್ ಆಪರೇಟರ್ ಆಗಿದ್ದ ರೂಬಿ ಮೈಯರ್ಸ್ ಮೂಕಿ ಕಾಲದ ಅತಿ ದೊಡ್ಡ ತಾರೆಯಾದರು. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಅವರದು 8 ವೇಷ. ಅದರಲ್ಲಿ ಪೊಲೀಸ್ ಒಂದು, ಬಾಳೆಹಣ್ಣು ಮಾರುವವಳು ಒಂದು. ಟಾಕಿ ಬಂದಾಗ ಅವರ ಹಿಂದೂಸ್ತಾನಿ ಸಾಲದಾಯಿತು, ‘ಆಲಂ ಆರಾ’ ತಪ್ಪಿತು. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಯಾಕೆ ಬಿಡುತ್ತಾರೋ ಗೊತ್ತಿಲ್ಲ. ಅವರು ಸುಮಾರು ಒಂದು ವರ್ಷ ಬಿಡುವು ತೆಗೆದುಕೊಂಡು ಭಾಷೆ ಕಲಿತರು. 1932ರಲ್ಲಿ ‘ಮಾಧುರಿ’ಯ ಟಾಕಿ ರೂಪದಲ್ಲಿ ವಾಪಸ್ ಬಂದರು. ತಮ್ಮ ಮೂಕಿ ಚಿತ್ರಗಳನ್ನೇ ಒಂದೊಂದಾಗಿ ಮಾತಿನಲ್ಲಿ ಮತ್ತೆ ಮಾಡಿದರು. ‘ಇಂದಿರಾ ಎಂ.ಎ.’, ‘ಅನಾರ್ಕಲಿ’, ಕೊನೆಗೆ 1936ರಲ್ಲಿ ‘ಬಂಬಯಿ ಕಿ ಬಿಲ್ಲಿ’. ಆಗ ಅವರ ಸಂಬಳ ತಿಂಗಳಿಗೆ 5,000 ರೂಪಾಯಿ ಅಂತ ಪ್ರಸಿದ್ಧಿ. 

ಮೈಕು ಮುಳುಗಿಸಿದವರು ಹೀಗಿರುತ್ತಾರೆಯೇ? ಸುಲೋಚನಾ ಅವರ ಕಾಲ ಮುಗಿದದ್ದು ಟಾಕಿ ಬಂದು ಐದಾರು ವರ್ಷ ಆದ ಮೇಲೆ. ಇಂಪೀರಿಯಲ್ ಕಂಪನಿ ಬಿಟ್ಟರು, 1938ರಲ್ಲಿ ಆ ಕಂಪನಿಯೂ ಮುಚ್ಚಿತು. ಆಗ ಅವರಿಗೆ ಮೂವತ್ತು ದಾಟಿತ್ತು. ನಾಯಕಿಗೆ ಮೂವತ್ತು ದಾಟಿದರೆ ಏನು ಪಾತ್ರ ಕೊಡುತ್ತಾರೆ ಅನ್ನುವುದು ಇವತ್ತಿನ ನಟಿಯರಿಗೂ ಗೊತ್ತು. 1928ರ ಮೂಕಿ ‘ಅನಾರ್ಕಲಿ’ಗೆ ಅವರೇ ನಾಯಕಿ, 1935ರ ಟಾಕಿಗೂ ಅವರೇ. 1953ರ ‘ಅನಾರ್ಕಲಿ’ಯಲ್ಲಿ ಅವರು ಸಲೀಮನ ತಾಯಿ. ಇದರಲ್ಲಿ ದನಿಯ ಪಾತ್ರ ಏನಿದೆ? 1973ರ ಫಾಲ್ಕೆ ಪ್ರಶಸ್ತಿ ಸಿಕ್ಕಿತು, ಸಂತೋಷ. ನಡುವಿನ ವರ್ಷಗಳಲ್ಲಿ ಅವರು ಮಾಡಿದ್ದು ಸಣ್ಣಪುಟ್ಟ ಪಾತ್ರಗಳನ್ನು.

ಮೊದಲ ಟಾಕಿಯ ವಿಷಯಕ್ಕೇ ಬನ್ನಿ. ವಿಠ್ಠಲ್ ಅವರ ಮಂಪರಿನ ಪಾತ್ರವನ್ನು ಎಲ್ಲರೂ ನೆನೆಯುತ್ತಾರೆ. ಚಿತ್ರದ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ, ಅವರ ಮಾತು ಹೇಗಿತ್ತು ಅಂತ ನಾವ್ಯಾರೂ ಕಿವಿಯಾರೆ ಕೇಳಿಲ್ಲ. ಅದೂ ಇರಲಿ. ಅದೇ ಚಿತ್ರದ ನಾಯಕಿ ಜುಬೇದಾ ಎಲ್ಲಿಂದ ಬಂದವರು? ಅವರೂ ವರ್ಷಗಟ್ಟಲೆ ಮೂಕಿ ಚಿತ್ರಗಳಲ್ಲಿ ಬೆಳೆದವರು. ಪೃಥ್ವಿರಾಜ್ ಕಪೂರ್ ಅವರೂ ಇಂಪೀರಿಯಲ್‌ನ ಮೂಕಿ ಚಿತ್ರಗಳಿಂದ ಬಂದು ಅದೇ ಚಿತ್ರದಲ್ಲಿದ್ದರು. ಮುಂದೆ ಅವರ ದನಿಯನ್ನು ಇಡೀ ದೇಶ ಕೇಳಿತು. ಮೂಕಿ ಕಾಲದ ಇನ್ನೊಬ್ಬ ತಾರೆ ಗೋಹರ್ ಕೂಡ ಟಾಕಿಯಲ್ಲಿ ಗೆದ್ದರು. ಇವರೆಲ್ಲ ಅದೇ ಮೈಕಿನ ಮುಂದೆ ನಿಂತವರು ತಾನೇ?

ದಕ್ಷಿಣದಲ್ಲೂ ಹಾಗೇ. ‘ಸತಿ ಸುಲೋಚನಾ’ದಲ್ಲಿ ನಾಟಕದವರಿಗೆ ಬೆಲೆ ಬಂತು ಅನ್ನುವುದು ಸರಿ. ಆದರೆ ಆ ಚಿತ್ರವನ್ನು ನಿರ್ದೇಶಿಸಿ, ಅದರಲ್ಲಿ ನಟಿಸಿದವರು ಯಾರು? ವೈ.ವಿ. ರಾವ್. ನೆಲ್ಲೂರಿನವರು, ಮೂಕಿ ಚಿತ್ರಗಳ ನಟ. ಮನೆಮಾತು ತೆಲುಗು, ಮಾಡಿದ್ದು ಕನ್ನಡದ ಮೊದಲ ಟಾಕಿ. ಆಮೇಲೆ 1937ರಲ್ಲಿ ತಮಿಳಿನಲ್ಲಿ ‘ಚಿಂತಾಮಣಿ’ ಮಾಡಿದರು, ಅದು ಒಂದು ವರ್ಷ ಓಡಿತು. ಭಾಷೆ ಗೋಡೆಯಾಗಿದ್ದರೆ ಅವರು ಮೂರು ಭಾಷೆಗಳಲ್ಲಿ ಹೇಗೆ ಓಡಾಡಿದರು? ಕುಸ್ತಿಪಟುವಿನ ಮೈಕಟ್ಟಿನಿಂದ ಮುಂಬೈಯ ಮೂಕಿ ಚಿತ್ರಗಳಲ್ಲಿ ಹೆಸರು ಮಾಡಿದ ರಾಜಾ ಸ್ಯಾಂಡೋ ತಮಿಳಿಗೆ ಬಂದು 1935ರಲ್ಲಿ ‘ಮೇನಕಾ’ ನಿರ್ದೇಶಿಸಿದರು.

ಈಗ ಹಾಲಿವುಡ್. ದನಿ ಕೆಟ್ಟು ಹಾಳಾದ ನಟ ಅಂದರೆ ಎಲ್ಲರೂ ಮೊದಲು ಹೇಳುವ ಹೆಸರು ಜಾನ್ ಗಿಲ್ಬರ್ಟ್. 1929ರ ‘ಹಿಸ್ ಗ್ಲೋರಿಯಸ್ ನೈಟ್’ ಚಿತ್ರದಲ್ಲಿ ಅವರು ನಾಯಕಿಗೆ ಮೇಲಿಂದ ಮೇಲೆ ‘ಐ ಲವ್ ಯೂ’ ಅನ್ನುವಾಗ ಪ್ರೇಕ್ಷಕರು ನಕ್ಕರು. ಕೀರಲು ದನಿ, ಅದಕ್ಕೇ ನಕ್ಕರು ಅಂತ ಕಥೆ ಹಬ್ಬಿತು. 1933ರ ‘ಕ್ವೀನ್ ಕ್ರಿಸ್ಟಿನಾ’ ಇವತ್ತೂ ಸಿಗುತ್ತದೆ, ಗ್ರೆಟಾ ಗಾರ್ಬೋ ಎದುರು ಗಿಲ್ಬರ್ಟ್ ಮಾತಾಡುವುದನ್ನು ಕೇಳಿ. ತುಸು ಹಗುರ ದನಿ, ಅಷ್ಟೇ. ಕೀರಲು ಅಲ್ಲವೇ ಅಲ್ಲ. ಜನ ನಕ್ಕಿದ್ದು ಆ ಸಂಭಾಷಣೆಗೆ. ಮೂಕಿ ಚಿತ್ರದಲ್ಲಿ ನಾಯಕ ಮಂಡಿಯೂರಿ ತುಟಿ ಅಲ್ಲಾಡಿಸಿದರೆ ಮಾತನ್ನು ನೋಡುವವರೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಿದ್ದರು. ಅದೇ ಮಾತನ್ನು ಜೋರಾಗಿ ಹೇಳಿಸಿದರೆ ಯಾರು ಹೇಳಿದರೂ ನಗು ಬರುತ್ತದೆ. ಬರೆದವರ ತಪ್ಪು ನಟನ ಗಂಟಲಿಗೆ ಅಂಟಿತು.

ಅದರ ಹಿಂದೆ ದುಡ್ಡಿನ ಲೆಕ್ಕ ಇದೆ. ಗಿಲ್ಬರ್ಟ್ ಅವರಿಗೆ ಎಂಜಿಎಂ ಸ್ಟುಡಿಯೋ ಜೊತೆ ಚಿತ್ರಕ್ಕೆ 2,50,000 ಡಾಲರ್ ಕೊಡುವ ಕರಾರು ಆಗಿತ್ತು. ಸ್ಟುಡಿಯೋದ ಮುಖ್ಯಸ್ಥ ಲೂಯಿ ಬಿ. ಮೇಯರ್ ಜೊತೆ ಅವರಿಗೆ ಆಗಿಬರುತ್ತಿರಲಿಲ್ಲ. ಕರಾರು ಮುರಿಯುವಂತಿಲ್ಲ, ಸಂಬಳ ಇಳಿಸುವಂತಿಲ್ಲ. ಚಿತ್ರದ ಮೇಲೆ ಚಿತ್ರ ಸಪ್ಪೆ ಕಥೆಗಳು ಅವರ ಪಾಲಿಗೆ ಬಂದವು. ಅವರು ಕುಡಿತಕ್ಕೆ ಬಿದ್ದರು. 1936ರ ಜನವರಿಯಲ್ಲಿ ತೀರಿಕೊಂಡಾಗ 38 ವರ್ಷ.

ಅದೇ ಸ್ಟುಡಿಯೋ ಗಾರ್ಬೋ ಅವರನ್ನು ಹೇಗೆ ನೋಡಿಕೊಂಡಿತು ಗಮನಿಸಿ. ಅವರ ಇಂಗ್ಲಿಷಿನಲ್ಲಿ ಸ್ವೀಡನ್ ಧಾಟಿ ಎದ್ದು ಕಾಣುತ್ತಿತ್ತು. ಯಾನಿಂಗ್ಸ್ ಅವರನ್ನು ಕಳಿಸಿದ, ಬ್ಯಾಂಕಿ ಅವರಿಗೆ ಅಡ್ಡ ಬಂದ ಧಾಟಿ ಎಂಥದ್ದೋ ಇದೂ ಅಂಥದ್ದೇ. ಎಂಜಿಎಂ ಆತುರ ಮಾಡಲಿಲ್ಲ. 1930ರವರೆಗೆ ಕಾದು, ಸ್ವೀಡನ್ ಮೂಲದ ಹೆಣ್ಣಿನ ಪಾತ್ರವನ್ನೇ ಹುಡುಕಿ ‘ಆ್ಯನಾ ಕ್ರಿಸ್ಟಿ’ ಮಾಡಿತು. ಗಾರ್ಬೋ ಮಾತಾಡುತ್ತಾರೆ ಅನ್ನುವುದನ್ನೇ ದೊಡ್ಡ ಜಾಹೀರಾತು ಮಾಡಿತು. ಜನ ಮುಗಿಬಿದ್ದರು. ಅವರಿಂದಲೇ ಜರ್ಮನ್ ಆವೃತ್ತಿಯನ್ನೂ ಮಾಡಿಸಿದರು. ಒಂದೇ ಸ್ಟುಡಿಯೋ, ಒಂದೇ ಮೈಕು. ಬೇಕಾದವರಿಗೆ ಕಾಯುವ ತಾಳ್ಮೆ, ಬೇಡದವರಿಗೆ ಕೈಗೆ ಸಿಕ್ಕ ಕಥೆ. ನನ್ನ ಪ್ರಕಾರ ಇಡೀ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ನಟಿ ಲೂಯಿಸ್ ಬ್ರೂಕ್ಸ್ ಅವರದು ಇನ್ನೂ ಸ್ಪಷ್ಟ. ಕರಾರಿನ ಪ್ರಕಾರ ಅವರಿಗೆ ಸಂಬಳ ಏರಬೇಕಿತ್ತು. ಪ್ಯಾರಮೌಂಟ್ ಸ್ಟುಡಿಯೋದವರು ಟಾಕಿ ಬರುತ್ತಿದೆ, ನಿಮ್ಮ ದನಿ ಹೇಗಿರುತ್ತದೋ ಏನೋ, ಏರಿಸಲು ಆಗುವುದಿಲ್ಲ, ಇದ್ದರೆ ಇರಿ ಅಂದರು. ಬ್ರೂಕ್ಸ್ ಎದ್ದು ಬರ್ಲಿನ್‌ಗೆ ಹೋದರು. ಅಲ್ಲಿ ‘ಪಂಡೋರಾಸ್ ಬಾಕ್ಸ್’ ಮಾಡಿದರು. ಅಷ್ಟರಲ್ಲಿ ಅವರು ಮುಗಿಸಿ ಹೋಗಿದ್ದ ಒಂದು ಮೂಕಿ ಚಿತ್ರಕ್ಕೆ ಮಾತು ಸೇರಿಸಬೇಕೆಂದು ಪ್ಯಾರಮೌಂಟ್ ಕರೆಯಿತು. ಬರುವುದಿಲ್ಲ ಅಂದರು. ಸ್ಟುಡಿಯೋ ಬೇರೆ ನಟಿಯಿಂದ ದನಿ ಕೊಡಿಸಿತು, ಬ್ರೂಕ್ಸ್ ದನಿ ಟಾಕಿಗೆ ಒಗ್ಗುವುದಿಲ್ಲ ಅನ್ನುವ ಸುದ್ದಿಯನ್ನೂ ಹಬ್ಬಿಸಿತು. ದನಿಯನ್ನು ಪರೀಕ್ಷೆ ಮಾಡಿದವರಿಲ್ಲ, ಫಲಿತಾಂಶ ಮಾತ್ರ ಊರೆಲ್ಲ ಹಬ್ಬಿತು. ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಮೈಕು ನಟರನ್ನು ಹೂದಾನಿಯ ಪಕ್ಕ ಕಟ್ಟಿಹಾಕಿತು ಅನ್ನುವ ವಾದ ಮೊದಲ ಒಂದೆರಡು ವರ್ಷಕ್ಕೆ ಸರಿ. ಆದರೆ ಮನಸ್ಸು ಮಾಡಿದವರಿಗೆ ದಾರಿ ಬೇಗನೇ ಸಿಕ್ಕಿತು. 1929ರಲ್ಲಿ ಕ್ಲಾರಾ ಬೋ ಅವರ ಮೊದಲ ಟಾಕಿ ‘ದ ವೈಲ್ಡ್ ಪಾರ್ಟಿ’ ತೆಗೆಯುವಾಗ ಅವರು ಮೈಕು ಕಂಡರೆ ಬೆದರುತ್ತಿದ್ದರು. ಸದಾ ಪುಟಿಯುತ್ತಾ ಓಡಾಡುವ ಹುಡುಗಿ, ಒಂದು ಕಡೆ ನಿಲ್ಲು ಅಂದರೆ ಆಗದು. ನಿರ್ದೇಶಕಿ ಡೊರೊಥಿ ಆರ್ಜ್ನರ್ ಮೈಕನ್ನು ಮೀನು ಹಿಡಿಯುವ ಗಾಳದ ಕೋಲಿಗೆ ಕಟ್ಟಿಸಿ, ಕ್ಲಾರಾ ತಲೆಯ ಮೇಲೆ ಅವರು ಹೋದಲ್ಲೆಲ್ಲ ಹಿಡಿದು ಓಡಾಡಿಸಿದರು. ನಟಿಗಾಗಿ ಯಂತ್ರ ಬಗ್ಗಿತು! ಚಿತ್ರ ಗೆದ್ದಿತು. ಆಮೇಲೂ ಕ್ಲಾರಾ ಟಾಕಿಗಳಲ್ಲಿ ನಟಿಸಿದರು. ಅವರನ್ನು ಸುಸ್ತು ಮಾಡಿದ್ದು ಬಿಡುವಿಲ್ಲದ ದುಡಿಮೆ, 1931ರಲ್ಲಿ ಹಳೇ ಕಾರ್ಯದರ್ಶಿಯ ಮೇಲಿನ ಕೇಸಿನಲ್ಲಿ ಬೀದಿಗೆ ಬಂದ ಖಾಸಗಿ ಬದುಕು, ಪತ್ರಿಕೆಗಳ ಚಾಡಿ. 1933ರಲ್ಲಿ ತಾವಾಗಿಯೇ ಸಾಕು ಅಂತ ಬಿಟ್ಟರು.

ಹಾಸ್ಯನಟ ಬಸ್ಟರ್ ಕೀಟನ್ ಅವರ ಟಾಕಿಗಳು ದುಡ್ಡು ಮಾಡಿದವು, ಅವರ ಎಷ್ಟೋ ಮೂಕಿ ಚಿತ್ರಗಳಿಗಿಂತ ಜಾಸ್ತಿ. ಅವರ ತಪ್ಪು ಹೆಜ್ಜೆ ಅಂದರೆ 1928ರಲ್ಲಿ ಸ್ವಂತ ತಂಡ ಬಿಟ್ಟು ಎಂಜಿಎಂ ಸೇರಿದ್ದು. ತಮಾಷೆಯನ್ನು ತಾವೇ ಕಟ್ಟುವ ಸ್ವಾತಂತ್ರ್ಯ ಹೋಯಿತು, 1933ರಲ್ಲಿ ಕೆಲಸವೂ ಹೋಯಿತು. ಚಾಪ್ಲಿನ್ ಇದಕ್ಕೆ ಉಲ್ಟಾ. ಸ್ವಂತ ಸ್ಟುಡಿಯೋ, ವಿತರಣೆಗೆ ತಾವೂ ಪಾಲುದಾರರಾಗಿದ್ದ ಯುನೈಟೆಡ್ ಆರ್ಟಿಸ್ಟ್ಸ್. ಟಾಕಿ ಬಂದು ನಾಲ್ಕು ವರ್ಷವಾದ ಮೇಲೆ 1931ರಲ್ಲಿ ‘ಸಿಟಿ ಲೈಟ್ಸ್’ ಅನ್ನು ಮಾತಿಲ್ಲದೆ ಮಾಡಿದರು. ಪೂರ್ತಿ ಮಾತಾಡಿದ್ದು 1940ರಲ್ಲಿ, ತಮಗೆ ಬೇಕಾದಾಗ. ಬೀಗದ ಕೈ ಯಾರ ಬಳಿ ಇತ್ತು ಅನ್ನುವುದೇ ಮುಖ್ಯ.

ಲಾನ್ ಚೇನಿ ಅವರನ್ನೂ ನೆನೆಯಲೇಬೇಕು. ಅವರ ಅಪ್ಪ-ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಮುಖದಲ್ಲಿ, ಕೈಯಲ್ಲಿ ಮಾತಾಡುವುದನ್ನು ಅವರು ಕಲಿತದ್ದು ಮನೆಯಲ್ಲೇ. ಮೂಕಿ ಚಿತ್ರಕ್ಕೇ ಹುಟ್ಟಿದವರು ಅನ್ನುವುದಾದರೆ ಅದು ಅವರೇ. 1930ರಲ್ಲಿ ಅವರ ಏಕೈಕ ಟಾಕಿ ‘ದ ಅನ್‌ಹೋಲಿ ಥ್ರೀ’ ಬಂತು. ಅದರಲ್ಲಿ ಅಜ್ಜಿಯ ದನಿಯೂ ಸೇರಿ 5 ದನಿಗಳಲ್ಲಿ ಮಾತಾಡಿದರು. ಎಲ್ಲವೂ ನನ್ನದೇ ಅಂತ ಪ್ರಮಾಣಪತ್ರಕ್ಕೆ ಸಹಿ ಹಾಕಿಕೊಟ್ಟರು. ಅದೇ ವರ್ಷ ಕ್ಯಾನ್ಸರ್ ಅವರನ್ನು ಕೊಂಡೊಯ್ಯಿತು.

ಮಾತಿನ ಚಿತ್ರದಿಂದ ನೇರವಾಗಿ ಕೆಲಸ ಕಳೆದುಕೊಂಡವರು ಇದ್ದರು, ನಿಜ. ಚಿತ್ರಮಂದಿರದಲ್ಲಿ ತೆರೆಯ ಮುಂದೆ ಕೂತು ಹಾರ್ಮೋನಿಯಂ, ತಬಲಾ ನುಡಿಸುತ್ತಿದ್ದವರು, ಓದಲು ಬಾರದ ಪ್ರೇಕ್ಷಕರಿಗೆ ಟೈಟಲ್ ಕಾರ್ಡ್‌ಗಳನ್ನು ಗಟ್ಟಿಯಾಗಿ ಓದಿ ಕಥೆ ಹೇಳುತ್ತಿದ್ದವರು. ಅವರಿಗೆ ಕಲಿತು ವಾಪಸ್ ಬರುವ ಅವಕಾಶವೇ ಇರಲಿಲ್ಲ. ನಮ್ಮ ಕನಿಕರದ ದೊಡ್ಡ ಪಾಲು ಅವರಿಗೆ ಹೋಗಬೇಕು.

ತಾರೆಯರ ವಿಷಯಕ್ಕೆ ಬಂದರೆ, ಹಾಡಲು ಬಾರದೆ ನಾಲ್ಕು ವರ್ಷ ಕಳೆದರು ಅನ್ನುತ್ತೀರಿ. ಆಯಿತು, 1935ರಲ್ಲಿ ಹಿನ್ನೆಲೆ ಗಾಯನ ಬಂತಲ್ಲ? ಆಮೇಲೆ ಡಬ್ಬಿಂಗ್ ಕೂಡ ಬಂತು. ಇವತ್ತು ಕನ್ನಡದ ಒಂದು ಸಾಲೂ ಆಡಲು ಬಾರದ ನಾಯಕಿಯರು ಕನ್ನಡ ಚಿತ್ರಗಳಲ್ಲಿ ನಟಿಸುತ್ತಾರೆ. ಅವರಿಗೆ ನಮ್ಮ ಕಂಠದಾನ ಕಲಾವಿದೆಯರು ದನಿ ಕೊಡುತ್ತಾರೆ, ನಾವು ಟಿಕೆಟ್ ಕೊಂಡು ನೋಡುತ್ತೇವೆ. ನಿರ್ಮಾಪಕರಿಗೆ ಮುಖ ಬೇಕು ಅನ್ನಿಸಿದರೆ ದನಿಯನ್ನು ಎಲ್ಲಿಂದಲೋ ತಂದು ಜೋಡಿಸುತ್ತಾರೆ. ಸೀತಾದೇವಿ ಅವರ ಕಣ್ಣು, ರೆಪ್ಪೆ, ಆ ಕತ್ತಿನ ಓರೆ, ಇವೆಲ್ಲ ಹಿನ್ನೆಲೆ ಗಾಯನ ಬಂದ ಮೇಲೂ ಅವರಲ್ಲೇ ಇದ್ದವು. ಕಲ್ಕತ್ತೆಯಲ್ಲೋ ಮುಂಬೈಯಲ್ಲೋ ಯಾರಾದರೂ ಅವರ ಮನೆ ಬಾಗಿಲು ತಟ್ಟಬಹುದಿತ್ತು.